ವಿಶ್ವದ ಆದಿಯನ್ನು ಅರಸಿದ ಗುರುವರ್ಯ: ಮೊನ್ಸಿಂಜೊರ್ ಜಾರ್ಜ್ ಲೆಮೈತ್ರ್

1980ನೆಯ ಇಸವಿಯ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನ ಮೂರು ಗಂಟೆ ಕಳೆದ ಬಳಿಕ ಅರಬ್ಬೀ ಸಮುದ್ರದ ಕಡೆಯಿಂದ ಬಂದ ಚಂದ್ರನ ನೆರಳು ಅಂಕೋಲೆಯ ಕರಾವಳಿಯನ್ನು ಮುಟ್ಟಿ, ಘಟ್ಟವನ್ನೇರಿ, ನಮ್ಮ ಯಲ್ಲಾಪುರದ ಕಾಡುಗಳ ಮೇಲೆ ಹಾದು, ಹುಬ್ಬಳ್ಳಿ, ಗದಗ, ರಾಯಚೂರುಗಳತ್ತ ಸಾಗಿತು. ಎರಡು ನಿಮಿಷಗಳಿಗೂ ಮಿಕ್ಕಿದ ಆ ಹಗಲಿನ ಕತ್ತಲೆಯನ್ನು ಈ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಬಹುಮಂದಿ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು ಒಳಗೇ ಕುಳಿತಿದ್ದರು. ಅದೇ ಹೊತ್ತಿನಲ್ಲಿ ದೇಶವಿದೇಶಗಳ ವಿಜ್ಞಾನಿಗಳು ತಮ್ಮ ಉಪಕರಣಗಳನ್ನು ಹೊತ್ತು ತಂದು ಆ ನೆರಳಿನ ದಾರಿಯಲ್ಲಿ ಕಾದು ನಿಂತಿದ್ದರು. ಒಂದೇ ಆಕಾಶ; ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಜಿಜ್ಞಾಸೆ.

ಇಂಥದೇ ಒಂದು ಪೂರ್ಣ ಸೂರ್ಯಗ್ರಹಣದಲ್ಲಿ, 1919ರ ಮೇ 29ರಂದು, ಆಂಗ್ಲ ಖಗೋಲಶಾಸ್ತ್ರಜ್ಞ ಆರ್ಥರ್ ಎಡಿಂಗ್ಟನ್ನರು ಸೂರ್ಯನ ಅಂಚಿನಲ್ಲಿ ಕಾಣುವ ನಕ್ಷತ್ರಗಳ ಬೆಳಕು ಬಾಗುವುದನ್ನು ಅಳೆದು, ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೆ ಮೊದಲ ದೊಡ್ಡ ಸಾಕ್ಷ್ಯವನ್ನು ಒದಗಿಸಿದರು. ಅದಾದ ನಾಲ್ಕು ವರ್ಷಗಳಿಗೆ ಆ ಎಡಿಂಗ್ಟನ್ನರ ಬಳಿಗೆ, ಕರಿಯ ನಿಲುವಂಗಿ ತೊಟ್ಟ ಬೆಲ್ಜಿಯಂ ದೇಶದ ತರುಣ ಗುರುವೊಬ್ಬರು ಶಿಷ್ಯರಾಗಿ ಬಂದರು. ಇಂದು ಶಾಲೆಯ ಮಕ್ಕಳೂ ಬಲ್ಲ ಮಹಾಸ್ಫೋಟ ಸಿದ್ಧಾಂತಕ್ಕೆ ಅಡಿಗಲ್ಲನ್ನಿಟ್ಟವರು ಅವರೇ. ನಮ್ಮ ದೇವಾಲಯದ ವಯಸ್ಸೂ ಅವರ ಸಿದ್ಧಾಂತದ ವಯಸ್ಸೂ ಹೆಚ್ಚುಕಡಿಮೆ ಒಂದೇ ಆಗಿರುವ ಈ ಶತಮಾನೋತ್ಸವದ ಸಂದರ್ಭದಲ್ಲಿ ಆ ಪುಣ್ಯಜೀವಿಯ ಚರಿತ್ರೆಯನ್ನು ನಮ್ಮ ಭಕ್ತಜನರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಗುರುದೀಕ್ಷೆ ಪಡೆದ ಹೊಸತರಲ್ಲಿ, ಪಾಸ್ಖ ಜಾಗರಣೆಯ ರಾತ್ರಿ ಆದಿಕಾಂಡದ ಸೃಷ್ಟಿವೃತ್ತಾಂತವನ್ನು ಓದಿದ ಮೇಲೆ, ವಿಜ್ಞಾನಿಗಳ ಮಹಾಸ್ಫೋಟವೇ ದೇವರು ಬೆಳಕನ್ನು ಕರೆದ ಆ ಮೊದಲ ಕ್ಷಣವೆಂದೂ, ಪವಿತ್ರ ಗ್ರಂಥವನ್ನು ವಿಜ್ಞಾನವೇ ಸಾಧಿಸಿಕೊಟ್ಟಿದೆಯೆಂದೂ ನಾನು ಉತ್ಸಾಹದಿಂದ ಪ್ರಬೋಧಿಸಿದ್ದೆ. ಪೂಜೆ ಮುಗಿದ ಮೇಲೆ ಕಾಲೇಜು ಓದುತ್ತಿದ್ದ ಹುಡುಗನೊಬ್ಬ ಬಂದು, ನಾಳೆ ವಿಜ್ಞಾನಿಗಳು ಆ ಸಿದ್ಧಾಂತವನ್ನು ಕೈಬಿಟ್ಟರೆ ನಾವು ಆದಿಕಾಂಡವನ್ನೂ ಕೈಬಿಡಬೇಕೇ ಎಂದು ವಿನಯದಿಂದಲೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವು ಲೆಮೈತ್ರರ ಜೀವನದಲ್ಲಿದೆಯೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು.

ಬಾಲ್ಯ ಮತ್ತು ಯುದ್ಧಕಾಲ

ಜಾರ್ಜ್ ಲೆಮೈತ್ರರು 1894ರ ಜುಲೈ 17ರಂದು ಬೆಲ್ಜಿಯಂ ದೇಶದ ಶಾರ್ಲರುವಾ ಪಟ್ಟಣದಲ್ಲಿ, ದೈವಭೀರುವಾದ ಕಥೋಲಿಕ ಕುಟುಂಬವೊಂದರಲ್ಲಿ ನಾಲ್ವರು ಗಂಡುಮಕ್ಕಳ ಪೈಕಿ ಹಿರಿಯರಾಗಿ ಜನಿಸಿದರು. ಅದು ಕಲ್ಲಿದ್ದಲ ಗಣಿಗಳ ಹಾಗೂ ಗಾಜಿನ ಕುಲುಮೆಗಳ ಊರು. ತಂದೆಯವರಿಗೂ ಒಂದು ಗಾಜಿನ ಕಾರ್ಖಾನೆಯಿತ್ತು. ಅದು ಬೆಂಕಿಗೆ ಆಹುತಿಯಾದ ಮೇಲೆ ಕುಟುಂಬವು ಬ್ರಸೆಲ್ಸ್ ನಗರಕ್ಕೆ ತೆರಳಿತು. ಬಾಲಕ ಜಾರ್ಜ್ ಯೇಸುಸಭೆಯ ಗುರುಗಳ ಶಾಲೆಗಳಲ್ಲಿ ಓದಿದ. ಗುರುವಾಗಬೇಕೆಂಬ ಹಂಬಲವೂ ವಿಜ್ಞಾನಿಯಾಗಬೇಕೆಂಬ ಹಂಬಲವೂ ಆತನಲ್ಲಿ ಎಳವೆಯಲ್ಲಿಯೇ ಜೊತೆಜೊತೆಯಾಗಿ ಮೊಳೆತವು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಆತನಿಗೆ ಎಂದೂ ತೋರಲಿಲ್ಲ. 1911ರಲ್ಲಿ ಲೂವೆನ್ ಕಥೋಲಿಕ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ವ್ಯಾಸಂಗವನ್ನು ಆರಂಭಿಸಿದರು.

1914ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಸೇನೆ ಬೆಲ್ಜಿಯಂ ಮೇಲೆ ಏರಿಬಂತು. ಲೂವೆನ್ನಿನ ಪ್ರಸಿದ್ಧ ಗ್ರಂಥಾಲಯ ಅದೇ ತಿಂಗಳು ಸುಟ್ಟು ಬೂದಿಯಾಯಿತು. ಇಪ್ಪತ್ತು ವರ್ಷದ ಲೆಮೈತ್ರರು ಸ್ವಇಚ್ಛೆಯಿಂದ ಸೇನೆಗೆ ಸೇರಿ, ಮೊದಲು ಪದಾತಿ ದಳದಲ್ಲಿಯೂ ಆಮೇಲೆ ಫಿರಂಗಿ ದಳದಲ್ಲಿಯೂ ದುಡಿದರು. ಈಸರ್ ನದಿಯ ದಡದ ಕದನವನ್ನು ಕಂಡರು. ಶೌರ್ಯಕ್ಕಾಗಿ ಪದಕವನ್ನೂ ಪಡೆದರು. ಕಂದಕಗಳ ಕೆಸರಿನಲ್ಲಿ ಕುಳಿತು ಅವರು ಓದುತ್ತಿದ್ದುದು ಎರಡು ಬಗೆಯ ಪುಸ್ತಕಗಳನ್ನು: ಒಂದು ಪವಿತ್ರ ಗ್ರಂಥ, ಇನ್ನೊಂದು ಗಣಿತಜ್ಞ ಪ್ವಾಂಕರೆಯವರ ಭೌತಶಾಸ್ತ್ರದ ಬರಹಗಳು. ಸಾವು ಪಕ್ಕದಲ್ಲಿಯೇ ಸುಳಿದಾಡುತ್ತಿದ್ದ ಆ ನಾಲ್ಕು ವರ್ಷಗಳು ಅವರ ದೈವಕರೆಯನ್ನು ಗಟ್ಟಿಗೊಳಿಸಿದವು.

ಯುದ್ಧ ಮುಗಿದ ಮೇಲೆ ಅವರು ಎಂಜಿನಿಯರಿಂಗನ್ನು ಬಿಟ್ಟು ಗಣಿತ ಹಾಗೂ ಭೌತಶಾಸ್ತ್ರಕ್ಕೆ ಹೊರಳಿ 1920ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಮಾಲಿನ್ ನಗರದ ಗುರುಮಠವನ್ನು ಪ್ರವೇಶಿಸಿದರು. ಅಲ್ಲಿದ್ದಾಗ, ಆದಿಕಾಂಡದ ಮೊದಲ ವಚನಗಳಿಗೂ ಬೆಳಕಿನ ಭೌತಶಾಸ್ತ್ರಕ್ಕೂ ನೇರ ಹೊಂದಾಣಿಕೆಯನ್ನು ಕಲ್ಪಿಸುವ ಒಂದು ಪ್ರಬಂಧವನ್ನು ಬರೆದರು. ಎಂದರೆ, ನಾನು ಪಾಸ್ಖ ರಾತ್ರಿಯಲ್ಲಿ ಮಾಡಿದ ತಪ್ಪನ್ನೇ ಅವರೂ ತಾರುಣ್ಯದಲ್ಲಿ ಮಾಡಿದ್ದರು. ಭೇದವಿಷ್ಟೇ: ಅವರು ಬಹುಬೇಗ ಆ ದಾರಿಯನ್ನು ತೊರೆದರು, ಮತ್ತೆಂದೂ ಅದಕ್ಕೆ ಮರಳಲಿಲ್ಲ. ಸ್ವತಃ ತತ್ತ್ವಶಾಸ್ತ್ರದ ಪಂಡಿತರಾಗಿದ್ದ ಕಾರ್ಡಿನಲ್ ಮೆರ್ಸಿಯೇ ಅವರು ಈ ಗುರುವಿದ್ಯಾರ್ಥಿಯ ಪ್ರತಿಭೆಯನ್ನು ಗುರುತಿಸಿ, ಸಾಪೇಕ್ಷತಾ ಸಿದ್ಧಾಂತದ ಅಧ್ಯಯನಕ್ಕೆ ಅನುಮತಿಯಿತ್ತು, 1923ರ ಸೆಪ್ಟೆಂಬರ್ 22ರಂದು ಅವರಿಗೆ ಗುರುದೀಕ್ಷೆಯನ್ನು ನೀಡಿದರು.

ಹಿಗ್ಗುವ ವಿಶ್ವ

ಗುರುದೀಕ್ಷೆಯ ಬೆನ್ನಿಗೇ ಅವರು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೋಗಿ ಎಡಿಂಗ್ಟನ್ನರಲ್ಲಿ ಒಂದು ವರ್ಷ ಕಲಿತರು. ಎಡಿಂಗ್ಟನ್ನರು ಕ್ವೇಕರ್ ಪಂಥದವರು, ಇವರು ಕಥೋಲಿಕ ಗುರು. ಆದರೂ ಅವರಿಬ್ಬರ ನಡುವೆ ಬಾಳುದ್ದದ ಗೌರವ ಬೆಳೆಯಿತು. ಮುಂದಿನ ವರ್ಷ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹಾರ್ಲೋ ಶಾಪ್ಲಿಯವರ ಬಳಿ ಅಭ್ಯಾಸ ಮಾಡಿ, 1925ರಲ್ಲಿ ಲೂವೆನ್ನಿಗೆ ಹಿಂದಿರುಗಿ ಅಧ್ಯಾಪಕರಾದರು.

ಆ ಕಾಲದ ವಿಜ್ಞಾನಿಗಳು ಸಾಮಾನ್ಯವಾಗಿ ವಿಶ್ವವು ಎಂದೆಂದಿಗೂ ಒಂದೇ ಅಳತೆಯಲ್ಲಿ ಸ್ಥಿರವಾಗಿದೆಯೆಂದು ನಂಬಿದ್ದರು. ಐನ್‌ಸ್ಟೈನರೂ 1917ರಲ್ಲಿ ತಮ್ಮ ಸಮೀಕರಣಗಳಿಗೆ ವಿಶ್ವಸ್ಥಿರಾಂಕವೆಂಬ ಒಂದು ಪದವನ್ನು ಸೇರಿಸಿ ವಿಶ್ವವನ್ನು ಹಾಗೆ ನಿಲ್ಲಿಸಿದ್ದರು. ಆದರೆ ದೂರದ ನೀಹಾರಿಕೆಗಳ ಬೆಳಕು ಕೆಂಪಿನತ್ತ ಸರಿದಿರುವುದನ್ನು ಅಮೆರಿಕದ ಸ್ಲೈಫರ್ ಎಂಬವರು ಅಳೆದಿದ್ದರು. ಅರಬೈಲು ಘಟ್ಟದಲ್ಲಿ ನಮ್ಮನ್ನು ದಾಟಿ ಹೋಗುವ ಲಾರಿಯ ಹಾರನ್ನಿನ ಸ್ವರ, ಅದು ದೂರ ಸರಿಯುತ್ತಿರುವಾಗ ತಗ್ಗಿ ಕೇಳಿಸುತ್ತದಷ್ಟೆ. ಬೆಳಕಿನ ಕೆಂಪುಸರಿತವೂ ಹೆಚ್ಚುಕಡಿಮೆ ಹಾಗೆಯೇ ದೂರ ಸರಿಯುವಿಕೆಯ ಗುರುತು. 1927ರಲ್ಲಿ ಲೆಮೈತ್ರರು ಬ್ರಸೆಲ್ಸಿನ ವಿಜ್ಞಾನ ಸಂಘದ ವಾರ್ಷಿಕ ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯ ಒಂದು ಲೇಖನವನ್ನು ಪ್ರಕಟಿಸಿ, ನೀಹಾರಿಕೆಗಳು ಆಕಾಶದೊಳಗೆ ಓಡುತ್ತಿಲ್ಲ, ಆಕಾಶವೇ ಹಿಗ್ಗುತ್ತಿದೆಯೆಂದು ತೋರಿಸಿದರು. ಹಲಸಿನ ಕಾಯಿ ಬಲಿಯುತ್ತ ಹೋದಂತೆ ಅದರ ಮೈಮೇಲಿನ ಮುಳ್ಳುಗಳೆಲ್ಲ ಒಂದರಿಂದೊಂದು ದೂರವಾಗುತ್ತವೆ. ಯಾವ ಮುಳ್ಳಿನ ಮೇಲೆ ನಿಂತು ನೋಡಿದರೂ ಉಳಿದವು ದೂರ ಸರಿದಂತೆಯೇ ಕಾಣುತ್ತದೆ. ಹೆಚ್ಚು ದೂರದಲ್ಲಿರುವುದು ಹೆಚ್ಚು ವೇಗವಾಗಿ ಸರಿಯುತ್ತದೆ. ಆ ವೇಗ ಮತ್ತು ದೂರಗಳ ಅನುಪಾತವನ್ನೂ ಅವರು ಲೆಕ್ಕ ಹಾಕಿದ್ದರು. ರಷ್ಯದ ಫ್ರೀಡ್‌ಮನ್ನರು 1922ರಲ್ಲಿಯೇ ಬದಲಾಗುವ ವಿಶ್ವದ ಗಣಿತವನ್ನು ಬರೆದಿದ್ದರು. ಅದನ್ನರಿಯದೆಯೇ ಲೆಮೈತ್ರರು ಸ್ವತಂತ್ರವಾಗಿ ಅದನ್ನು ಕಂಡು, ಆಕಾಶದ ವೀಕ್ಷಣೆಗಳೊಡನೆ ಜೋಡಿಸಿದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಸೆಲ್ಸಿಗೆ ಬಂದಿದ್ದ ಐನ್‌ಸ್ಟೈನರನ್ನು ಅವರು ಭೇಟಿಯಾದರು. ಗಣಿತದಲ್ಲಿ ದೋಷವಿಲ್ಲವೆಂದು ಒಪ್ಪಿದ ಆ ಮಹಾವಿಜ್ಞಾನಿ, ಭೌತಶಾಸ್ತ್ರದ ದೃಷ್ಟಿಯಿಂದ ಅದನ್ನು ಸರ್ವಥಾ ಒಪ್ಪಲಾರದೆ ಹೋದರು. ಲೆಮೈತ್ರರು ವಾದಕ್ಕಿಳಿಯದೆ ತಮ್ಮ ಕೆಲಸಕ್ಕೆ ಮರಳಿದರು. 1929ರಲ್ಲಿ ಎಡ್ವಿನ್ ಹಬಲ್ಲರ ಅಳತೆಗಳು ಪ್ರಕಟವಾದವು. 1931ರಲ್ಲಿ ಎಡಿಂಗ್ಟನ್ನರ ಪ್ರಯತ್ನದಿಂದ ಲೆಮೈತ್ರರ ಲೇಖನ ಇಂಗ್ಲಿಷಿನಲ್ಲಿ ಹೊರಬಂದು ಜಗತ್ತಿನ ಕಣ್ಣಿಗೆ ಬಿತ್ತು. ಐನ್‌ಸ್ಟೈನರೂ ಸ್ಥಿರವಿಶ್ವದ ಕಲ್ಪನೆಯನ್ನು ತೊರೆದರು. ಬಹುಕಾಲ ಹಬಲ್ಲರ ಹೆಸರೊಂದನ್ನೇ ಹೊತ್ತಿದ್ದ ಆ ನಿಯಮವನ್ನು ಹಬಲ್–ಲೆಮೈತ್ರ್ ನಿಯಮವೆಂದು ಕರೆಯಬೇಕೆಂದು ಅಂತರರಾಷ್ಟ್ರೀಯ ಖಗೋಲ ಒಕ್ಕೂಟವು 2018ರಲ್ಲಿ ಶಿಫಾರಸು ಮಾಡಿತು.

ಇಲ್ಲಿ ಒಂದು ಸಂಗತಿಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. 1927ರ ಲೇಖನದ ವಿಶ್ವಕ್ಕೆ ಆದಿಯೇ ಇರಲಿಲ್ಲ. ಅದು ಅನಂತ ಭೂತಕಾಲದಲ್ಲಿ ಸ್ಥಿರವಾಗಿದ್ದು, ನಿಧಾನವಾಗಿ ಹಿಗ್ಗಲು ತೊಡಗಿದ ವಿಶ್ವ. ಅದನ್ನು ಬರೆದಾಗ ಲೆಮೈತ್ರರು ಗುರುದೀಕ್ಷೆ ಪಡೆದು ನಾಲ್ಕು ವರ್ಷಗಳಾಗಿದ್ದವು; ದಿನವೂ ಬಲಿಪೂಜೆಯನ್ನು ಅರ್ಪಿಸುತ್ತಿದ್ದರು. ಆದಿಕಾಂಡವನ್ನು ವಿಜ್ಞಾನದ ವೇಷದಲ್ಲಿ ಒಳತರುವುದೇ ಅವರ ಉದ್ದೇಶವಾಗಿದ್ದರೆ ಆದಿಯಿಲ್ಲದ ವಿಶ್ವವನ್ನು ಅವರು ಪ್ರಕಟಿಸುತ್ತಿರಲಿಲ್ಲ. ಗುರುವೊಬ್ಬರ ಸಿದ್ಧಾಂತವಾದ್ದರಿಂದ ಅದು ಮತಪ್ರಚಾರವೆಂದು ಶಂಕಿಸಿದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅಳಿಸಿದ ಕೊನೆಯ ಮಾತು

1931ರ ಮೇ 9ರಂದು ‘ನೇಚರ್’ ಪತ್ರಿಕೆಯಲ್ಲಿ ಅವರ ಒಂದು ಪುಟ್ಟ ಪತ್ರ ಅಚ್ಚಾಯಿತು. ಹಿಗ್ಗುವ ವಿಶ್ವವನ್ನು ಹಿಂದುಹಿಂದಕ್ಕೆ ನಡೆಸಿದರೆ, ಇರುವ ವಸ್ತುವೆಲ್ಲ ಒಂದೇ ಒಂದು ಕ್ವಾಂಟಂ ಆಗಿ ಅಡಗಿದ್ದ ಆರಂಭವೊಂದಕ್ಕೆ ತಲುಪಬೇಕಾಗುತ್ತದೆಯೆಂದೂ, ಅದು ಒಡೆಯುತ್ತ ಹೋಗಿ ಈ ಜಗತ್ತಾಯಿತೆಂದೂ, ಕಾಲ ಮತ್ತು ದೇಶಗಳೆಂಬ ಮಾತುಗಳಿಗೆ ಆಮೇಲಷ್ಟೇ ಅರ್ಥ ಬಂದಿತೆಂದೂ ಅವರು ಅಲ್ಲಿ ಸೂಚಿಸಿದರು. ಇದೇ ಮುಂದೆ ಆದಿಮ ಪರಮಾಣುವಿನ ಕಲ್ಪನೆಯೆಂದು ಹೆಸರಾಯಿತು.

ಆ ಪತ್ರದ ಬೆರಳಚ್ಚು ಪ್ರತಿ ಉಳಿದುಬಂದಿದೆ. ಅದರ ಕೊನೆಯಲ್ಲಿ ಇನ್ನೊಂದು ಚಿಕ್ಕ ಭಾಗವಿತ್ತು: ಸಕಲ ಜೀವಿಗಳನ್ನೂ ಅವುಗಳ ಕ್ರಿಯೆಗಳನ್ನೂ ಆಧರಿಸುವ ಪರಮಪುರುಷನನ್ನು ನಂಬುವವನು, ಆ ದೇವರು ಮರೆಯಾಗಿಯೇ ಇರುವವನೆಂದೂ ನಂಬುತ್ತಾನೆ, ಇಂದಿನ ಭೌತಶಾಸ್ತ್ರವು ಸೃಷ್ಟಿಯನ್ನು ಮರೆಮಾಡುವ ಒಂದು ತೆರೆಯನ್ನು ಒದಗಿಸಿರುವುದು ಅಂಥವನಿಗೆ ಸಂತೋಷವನ್ನೇ ಕೊಡುತ್ತದೆ ಎಂಬ ಭಾವದ್ದು. ಪ್ರಕಟಣೆಗೆ ಮುನ್ನ ಲೆಮೈತ್ರರು ಆ ಭಾಗವನ್ನು ಗೀಟೆಳೆದು ತೆಗೆದುಹಾಕಿದರು. ಅವರಿಗೆ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲವೆಂದಲ್ಲ; ಅದು ಅವರ ನಿತ್ಯ ಪ್ರಾರ್ಥನೆಯ ಸಾರವೇ ಆಗಿತ್ತು. ಅದರ ಸ್ಥಾನ ಆ ಪತ್ರಿಕೆಯಲ್ಲವೆಂದು ಅವರು ಅರಿತಿದ್ದರು. ಪ್ರವಾದಿ ಯೆಶಾಯನು ಕಂಡ ಮರೆಯಾದ ದೇವರನ್ನು ಸಮೀಕರಣವೊಂದರ ತುದಿಯಲ್ಲಿ ಹಿಡಿದು ತೋರಿಸಬಹುದೆಂಬ ಭ್ರಮೆ ಅವರಿಗಿರಲಿಲ್ಲ.

ಜಗದ್ಗುರುಗಳ ಸನ್ನಿಧಿಯಲ್ಲಿ

ಈ ವಿವೇಕಕ್ಕೆ ಕಠಿಣವಾದ ಪರೀಕ್ಷೆ ಬಂದುದು ಧರ್ಮಸಭೆಯ ಹೃದಯದಲ್ಲಿಯೇ. 1948ರಲ್ಲಿ ಫ್ರೆಡ್ ಹಾಯ್ಲ್ ಮತ್ತಿತರರು, ವಿಶ್ವಕ್ಕೆ ಆದಿಯಿಲ್ಲ, ಹಿಗ್ಗಿದಂತೆಲ್ಲ ಹೊಸ ವಸ್ತು ಹುಟ್ಟುತ್ತ ಅದು ಸದಾ ಒಂದೇ ತೆರನಾಗಿರುತ್ತದೆಯೆಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು ಮುಂದಿಟ್ಟರು. ನಮ್ಮ ದೇಶದ ಜಯಂತ ನಾರ್ಳೀಕರರು ಮುಂದೆ ಈ ಹಾಯ್ಲರ ಸಹೋದ್ಯೋಗಿಗಳಾದರು. 1949ರಲ್ಲಿ ಬಿ.ಬಿ.ಸಿ. ರೇಡಿಯೋ ಭಾಷಣವೊಂದರಲ್ಲಿ ಎದುರು ಪಕ್ಷದ ಕಲ್ಪನೆಗೆ ಮಹಾಸ್ಫೋಟವೆಂಬ ಹೆಸರನ್ನು ಕೊಟ್ಟವರೂ ಹಾಯ್ಲರೇ. ವಿವಾದವು ಇನ್ನೂ ಬಿಸಿಯಾಗಿದ್ದಾಗ, 1951ರ ನವೆಂಬರ್ 22ರಂದು, ಜಗದ್ಗುರು ಹನ್ನೆರಡನೆಯ ಪಯಸ್ ಅವರು ಪರಮಾಧಿಕಾರದ ವಿಜ್ಞಾನ ಅಕಾಡೆಮಿಯನ್ನು ಉದ್ದೇಶಿಸಿ ಮಾತನಾಡಿದರು. ಆಧುನಿಕ ವಿಜ್ಞಾನವು ಆದಿಯ ಬೆಳಕಿನ ಕ್ಷಣಕ್ಕೆ ಸಾಕ್ಷಿಯಾದಂತಿದೆಯೆಂದೂ, ಸೃಷ್ಟಿಕರ್ತನತ್ತ ಬೆರಳು ತೋರುತ್ತಿದೆಯೆಂದೂ ಆ ಭಾಷಣದಿಂದ ಲೋಕವು ಅರ್ಥಮಾಡಿಕೊಂಡಿತು.

ಎಷ್ಟೋ ಮಂದಿ ಕಥೋಲಿಕರು ಹರ್ಷಪಟ್ಟರು. ಆದರೆ ಯಾರ ಸಿದ್ಧಾಂತಕ್ಕೆ ಆ ಮನ್ನಣೆ ದೊರೆಯಿತೋ ಅವರೇ ಕಳವಳಗೊಂಡರು. ಸಿದ್ಧಾಂತವು ಆಗಿನ್ನೂ ಪೂರ್ತಿ ಪರೀಕ್ಷೆಗೊಳಗಾಗಿರಲಿಲ್ಲ. ಆ ಕಾಲದ ಅಳತೆಗಳ ಪ್ರಕಾರ ಲೆಕ್ಕ ಹಾಕಿದರೆ ವಿಶ್ವದ ವಯಸ್ಸು ಭೂಮಿಯ ಬಂಡೆಗಳ ವಯಸ್ಸಿಗಿಂತಲೂ ಕಡಿಮೆ ಬರುವ ತೊಡಕಿತ್ತು. ನೀಹಾರಿಕೆಗಳ ದೂರವನ್ನು ತೀರ ಕಡಿಮೆಯಾಗಿ ಅಂದಾಜಿಸಿದ್ದೇ ಅದಕ್ಕೆ ಕಾರಣವೆಂಬುದು ಆಮೇಲೆ ತಿಳಿದ ವಿಷಯ. ಇಂಥ ಕಲ್ಪನೆಯ ಮೇಲೆ ವಿಶ್ವಾಸದ ಸತ್ಯವನ್ನು ನಿಲ್ಲಿಸುವುದು ವಿಜ್ಞಾನಕ್ಕೂ ವಿಶ್ವಾಸಕ್ಕೂ ಹಿತವಲ್ಲ. ಲೆಮೈತ್ರರು ಪತ್ರಿಕೆಗಳಲ್ಲಿ ಪ್ರತಿಭಟಿಸಲಿಲ್ಲ. 1952ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ರೋಮಿನಲ್ಲಿ ತಂಗಿ, ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಯೇಸುಸಭೆಯ ಫಾದರ್ ಓಕೊನೆಲ್ ಅವರೊಡನೆಯೂ ವ್ಯಾಟಿಕನ್ನಿನ ಹಿರಿಯ ಅಧಿಕಾರಿಗಳೊಡನೆಯೂ ವಿಧೇಯತೆಯಿಂದ ಮಾತನಾಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಗದ್ಗುರುಗಳು ಖಗೋಲಶಾಸ್ತ್ರಜ್ಞರ ಮಹಾಸಮ್ಮೇಳನದಲ್ಲಿ ಭಾಷಣ ಮಾಡಿದಾಗ, ವಿಶ್ವದ ಆರಂಭದ ಸಿದ್ಧಾಂತಕ್ಕೂ ದೇವರ ಸೃಷ್ಟಿಗೂ ಅಂಥ ಗಂಟು ಹಾಕಲಿಲ್ಲ. ಮಗನು ತಂದೆಗೆ ಗೌರವಗೆಡದಂತೆ ಸತ್ಯವನ್ನು ಅರುಹಬಹುದು, ತಂದೆಯು ಅದನ್ನು ಆಲಿಸಬಹುದು ಎಂಬುದಕ್ಕೆ ಇದು ನಮ್ಮ ಧರ್ಮಸಭೆಯ ಚರಿತ್ರೆಯ ಒಂದು ಸುಂದರ ನಿದರ್ಶನ.

ಸೃಷ್ಟಿ ಬೇರೆ, ಆರಂಭ ಬೇರೆ

ಲೆಮೈತ್ರರ ಈ ನಿಲುವು ಹೊಸತಲ್ಲ. ಲೂವೆನ್ನಿನಲ್ಲಿ ಅವರು ಕಲಿತ ಸಂತ ತೋಮಸ್ ಅಕ್ವಿನರ ಬೋಧೆಯೇ ಅದರ ಬೇರು. ಜಗತ್ತಿಗೆ ಕಾಲದಲ್ಲಿ ಆರಂಭವಿತ್ತೆಂಬುದನ್ನು ನಾವು ವಿಶ್ವಾಸದಿಂದ ಅರಿಯುತ್ತೇವೆಯೇ ಹೊರತು ಬರಿಯ ತರ್ಕದಿಂದ ಸಾಧಿಸಲಾಗದೆಂದು ಆ ಮಹಾಪಂಡಿತರು 13ನೆಯ ಶತಮಾನದಲ್ಲಿಯೇ ಬೋಧಿಸಿದ್ದರು. ಜಗತ್ತು ಅನಾದಿಯಾಗಿದ್ದರೂ ಅದು ಸೃಷ್ಟಿಯೇ; ಏಕೆಂದರೆ ಸೃಷ್ಟಿಯೆಂದರೆ ಎಂದೋ ನಡೆದುಹೋದ ಒಂದು ಘಟನೆ ಮಾತ್ರವಲ್ಲ, ಪ್ರತಿಯೊಂದು ಕ್ಷಣವೂ ಇರುವುದೆಲ್ಲ ದೇವರನ್ನು ಅವಲಂಬಿಸಿ ಇರುವುದು. ಸೂರ್ಯನಿರುವಷ್ಟು ಹೊತ್ತು ಗಾಳಿ ಬೆಳಗುವಂತೆ ಎಂಬುದು ಅವರದೇ ದೃಷ್ಟಾಂತ. 1980ರ ಆ ಮಧ್ಯಾಹ್ನವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂರ್ಯನು ಮರೆಯಾದೊಡನೆ ಬೆಳಕು ತನ್ನ ಸ್ವಂತ ಬಲದಿಂದ ಒಂದು ಗಳಿಗೆಯೂ ನಿಲ್ಲಲಿಲ್ಲ. ಅವರಿಗಿಂತಲೂ ಎಂಟು ನೂರು ವರ್ಷಗಳಷ್ಟು ಹಿಂದೆ ಸಂತ ಅಗಸ್ತೀನರು, ದೇವರು ಜಗತ್ತನ್ನು ಕಾಲದೊಳಗೆ ಉಂಟುಮಾಡಲಿಲ್ಲ, ಕಾಲವನ್ನೂ ಜಗತ್ತಿನ ಜೊತೆಗೇ ಉಂಟುಮಾಡಿದರೆಂದು ಬೋಧಿಸಿದ್ದರು.

ಹೀಗಾಗಿ ಭೌತಶಾಸ್ತ್ರವು ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿ ಹೇಗೆ ಬಂದಿತೆಂದು ತಿಳಿಸಬಲ್ಲುದು. ಏನೂ ಇಲ್ಲದಿರುವ ಬದಲು ಏನಾದರೂ ಏಕೆ ಇದೆಯೆಂಬ ಪ್ರಶ್ನೆ ಅದರ ಮಾಪನಗಳಿಗೆ ಸಿಗುವಂಥದಲ್ಲ. ಆದಿಮ ಪರಮಾಣುವಿನ ಸಿದ್ಧಾಂತವು ದೇವರನ್ನು ನಂಬದವನಿಗೂ ನಂಬುವವನಿಗೂ ಸಮಾನವಾಗಿ ತೆರೆದಿದೆಯೆಂದು ಲೆಮೈತ್ರರು ಕೊನೆಯವರೆಗೂ ಸಾರಿದರು. ನನ್ನನ್ನು ಅಂದು ಪ್ರಶ್ನಿಸಿದ ಹುಡುಗನಿಗೆ ಇದೇ ಉತ್ತರ. ಸಿದ್ಧಾಂತವು ನಾಳೆ ತಿದ್ದುಪಡಿಯಾದರೆ ಆಗಲಿ. ಅದರ ಮೇಲೆ ನಾವು ನಮ್ಮ ವಿಶ್ವಾಸದ ಮನೆಯನ್ನು ಕಟ್ಟಿಲ್ಲ.

ಕೊನೆಯ ದಿನಗಳು

ಲೆಮೈತ್ರರು ತಮ್ಮ ಬಾಳಿನುದ್ದಕ್ಕೂ ‘ಯೇಸುವಿನ ಮಿತ್ರರು’ ಎಂಬ ಗುರುಗಳ ಬಳಗದ ಸದಸ್ಯರಾಗಿ, ಬಡತನದ ವ್ರತವನ್ನು ಕೈಗೊಂಡು, ಪ್ರತಿವರ್ಷ ಧ್ಯಾನಕೂಟದಲ್ಲಿ ಮೌನವಾಗಿ ಕಳೆಯುತ್ತಿದ್ದರು. ಲೂವೆನ್ನಿಗೆ ಬಂದ ಚೀನಾ ದೇಶದ ವಿದ್ಯಾರ್ಥಿಗಳ ಆಶ್ರಯಧಾಮವನ್ನು ನೋಡಿಕೊಂಡರು. ಯಂತ್ರಗಣಕಗಳಲ್ಲಿ ಅವರಿಗೆ ಅಪಾರ ಆಸಕ್ತಿ. 1958ರಲ್ಲಿ ತಮ್ಮ ವಿಶ್ವವಿದ್ಯಾನಿಲಯಕ್ಕೆ ಮೊದಲ ಗಣಕಯಂತ್ರವನ್ನು ತರಿಸಿದವರೂ ಅವರೇ. 1936ರಿಂದ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿದ್ದ ಅವರು 1960ರಲ್ಲಿ ಅದರ ಅಧ್ಯಕ್ಷರಾದರು. ಮೊನ್ಸಿಂಜೊರ್ ಬಿರುದೂ ಆಗಲೇ ಬಂದಿತು. ಅವರ ಅಧ್ಯಕ್ಷತೆಯ ಕಾಲದಲ್ಲಿ, 1961ರಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದ ಸರ್ ಸಿ.ವಿ. ರಾಮನ್ನರು ಆ ಅಕಾಡೆಮಿಯ ಸದಸ್ಯರಾದರೆಂಬುದು ಕನ್ನಡ ನಾಡಿನ ನಮಗೆ ಅಭಿಮಾನದ ವಿಷಯ. ಮತ ಕೇಳದೆ ಸತ್ಯಾನ್ವೇಷಕರನ್ನು ಬರಮಾಡಿಕೊಳ್ಳುವುದು ಆ ಸಂಸ್ಥೆಯ ಸಂಪ್ರದಾಯ.

1964ರ ಕೊನೆಯಲ್ಲಿ ಅವರಿಗೆ ಹೃದಯಾಘಾತವಾಯಿತು. ಅಷ್ಟರಲ್ಲಿ ಅಮೆರಿಕದ ಪೆಂಜಿಯಸ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು, ಆಕಾಶದ ಎಲ್ಲ ದಿಕ್ಕುಗಳಿಂದಲೂ ಒಂದೇ ಸಮನಾಗಿ ಬರುವ ಕ್ಷೀಣವಾದ ಸೂಕ್ಷ್ಮತರಂಗವನ್ನು ಕಂಡುಹಿಡಿದು, 1965ರಲ್ಲಿ ಪ್ರಕಟಿಸಿದರು. ಅದು ವಿಶ್ವದ ಬಿಸಿಯಾದ ಆರಂಭದಿಂದ ಉಳಿದುಬಂದ ಕಾವು. ಅವರ ಶಿಷ್ಯ ಓದೋನ್ ಗೊದಾರ್ ಅವರು ಈ ಸುದ್ದಿಯನ್ನು ಹಾಸಿಗೆ ಹಿಡಿದಿದ್ದ ಗುರುಗಳಿಗೆ ತಲುಪಿಸಿದರು. ನಲವತ್ತು ವರ್ಷಗಳ ದುಡಿಮೆಗೆ ಸಾಕ್ಷ್ಯ ದೊರೆತ ಸಮಾಧಾನದೊಡನೆ 1966ರ ಜೂನ್ 20ರಂದು ಲೂವೆನ್ನಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ವಿಶ್ವದ ವಯಸ್ಸನ್ನು ಇಂದು ಸುಮಾರು 1,380 ಕೋಟಿ ವರ್ಷಗಳೆಂದು ಗಣಿಸಲಾಗಿದೆ. ಐನ್‌ಸ್ಟೈನರು ಕೈಬಿಟ್ಟರೂ ಲೆಮೈತ್ರರು ಬಿಡದೆ ಇರಿಸಿಕೊಂಡಿದ್ದ ವಿಶ್ವಸ್ಥಿರಾಂಕವನ್ನು, 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿರುವುದು ಕಂಡುಬಂದ ಮೇಲೆ, ವಿಜ್ಞಾನಿಗಳು ಮತ್ತೆ ಕೈಗೆತ್ತಿಕೊಂಡರು.

ನಮ್ಮ ಧರ್ಮಕೇಂದ್ರದ ಮಕ್ಕಳು ಇಂದು ಹುಬ್ಬಳ್ಳಿ, ಧಾರವಾಡಗಳ ಕಾಲೇಜುಗಳಲ್ಲಿ ವಿಜ್ಞಾನವನ್ನು ಓದುತ್ತಾರೆ. ಕಾಳಿ ನದಿಯ ದಡದ ಕೈಗಾದಲ್ಲಿ 2000ದಿಂದ ಪರಮಾಣುವಿನ ಶಕ್ತಿ ವಿದ್ಯುತ್ತಾಗಿ ಹರಿಯುತ್ತಿದೆ. ಭೌತಶಾಸ್ತ್ರವು ನಮಗೆ ದೂರದ ವಿಷಯವಲ್ಲ, ಅದು ನೆರೆಮನೆಯಲ್ಲಿಯೇ ಇದೆ. ಪುಸ್ತಕವನ್ನು ತೆರೆದೊಡನೆ ವಿಶ್ವಾಸವನ್ನು ಮುಚ್ಚಿಡಬೇಕೆಂದು ಯಾವ ತಾಯಿತಂದೆಯೂ ಭಯಪಡಬಾರದು. ದೇವಾಲಯದ ಹೊಸ್ತಿಲಲ್ಲಿ ಬುದ್ಧಿಯನ್ನು ಬಿಟ್ಟು ಬರಬೇಕೆಂದು ಯಾವ ತರುಣನೂ ತಿಳಿಯಬಾರದು. ಒಂದೇ ಕೈಯಿಂದ ಸಮೀಕರಣವನ್ನು ಬರೆದು, ಅದೇ ಕೈಯಿಂದ ಪರಮಪ್ರಸಾದವನ್ನು ಎತ್ತಿಹಿಡಿದ ಒಬ್ಬ ಗುರುವಿದ್ದರೆಂಬುದನ್ನು ನೆನೆದರೆ ಸಾಕು.

ನೂರು ವರ್ಷಗಳಿಂದ ಈ ಬಲಿಪೀಠದ ಮುಂದೆ ನಮ್ಮ ಪೂರ್ವಿಕರು ಭೂಮ್ಯಾಕಾಶಗಳ ಸೃಷ್ಟಿಕರ್ತನಲ್ಲಿ ತಮ್ಮ ವಿಶ್ವಾಸವನ್ನು ಭಾನುವಾರ ಭಾನುವಾರವೂ ಅರಿಕೆಮಾಡುತ್ತ ಬಂದಿದ್ದಾರೆ. ಆ ಆಕಾಶವು ನಮ್ಮ ಹಿರಿಯರು ಎಣಿಸಿದ್ದಕ್ಕಿಂತಲೂ ಎಷ್ಟೋ ವಿಶಾಲವೆಂದು ಲೆಮೈತ್ರರು ತೋರಿಸಿಕೊಟ್ಟರು. ಅಂಥ ಆಕಾಶವನ್ನು ಆಧರಿಸಿ ನಿಲ್ಲಿಸಿದ ದೇವರು ಈ ಪುಟ್ಟ ಧರ್ಮಕೇಂದ್ರವನ್ನೂ ಮುಂದಿನ ನೂರು ವರ್ಷಗಳಲ್ಲಿ ಆಧರಿಸಲೆಂದು ಪ್ರಾರ್ಥಿಸುತ್ತೇನೆ.